ತೇವಾಂಶಕ್ಕೆ ಕೈ ಎತ್ತಿದವರು

ನಮ್ಮ ಕಾರ್ಖಾನೆಯಲ್ಲಿ ಇಂಥದ್ದು ಅಪರೂಪಕ್ಕೆ ನಡೆಯುವುದಲ್ಲ. ನಡೆಯದ ದಿನ ಯಾವುದೆಂದು ಲೆಕ್ಕ ಹಾಕಿದರೆ, ಅವತ್ತು ಕರೆಂಟ್ ಇರುವುದಿಲ್ಲ.

ಸಿದ್ಧಕಟ್ಟೆಯ ಹತ್ತಿರದ ಗೇರುಬೀಜ ಕಾರ್ಖಾನೆ. ನಾನು ಬಿ.ಎಸ್ಸಿ., ರಸಾಯನಶಾಸ್ತ್ರ; ಹಾಗಾಗಿ ಇಲ್ಲಿ ಎಲ್ಲರ ಬಾಯಲ್ಲೂ ಮಾಷ್ಟ್ರು. ಕೆಲಸ ಒಂದೇ: ಟಿನ್ನಿಗೆ ತುಂಬುವ ಮೊದಲು ಬೀಜದ ತೇವಾಂಶ ಅಳೆಯುವುದು. ಮೀಟರ್ ಶೇಕಡಾ ಐದರೊಳಗೆ ತೋರಿಸಿದರೆ ಹೋಗಬಹುದು. ಮೇಲೆ ತೋರಿಸಿದರೆ ಬೀಜ ದಾರಿಯಲ್ಲೇ ಮೆತ್ತಗಾಗಿ ಬೂಷ್ಟು ಹಿಡಿಯುತ್ತದೆ. ಆಗ ಕೆಂಪು ಚೀಟಿ ಅಂಟಿಸಿ ಲಾಟನ್ನು, ಅಂದರೆ ಒಮ್ಮೆಗೆ ಹೊರಡುವ ಅಷ್ಟೂ ಮಾಲನ್ನು, ನಿಲ್ಲಿಸಬೇಕು. ಚೀಟಿ ಪುಸ್ತಕ ನನ್ನ ಮೇಜಿನ ಮೇಲೆಯೇ ಇದೆ. ಎರಡು ವರ್ಷದಲ್ಲಿ ಅದರ ಒಂದು ಹಾಳೆಯೂ ಹರಿದಿರಲಿಲ್ಲ. ನನಗೆ ಬಡ್ತಿಯ ಆಸೆ ಇರಲಿಲ್ಲ. ಒಮ್ಮೆ, ಒಂದೇ ಒಂದು ಲಾಟನ್ನು ನಿಲ್ಲಿಸಬೇಕು ಎಂದಿತ್ತು. ಸಿಕ್ಕವರ ಹತ್ತಿರವೆಲ್ಲ ಅದನ್ನೇ ಹೇಳುತ್ತಿದ್ದೆ.

೧. ಹಲ್ಲು

ಸೇರಿದ ಹೊಸತರಲ್ಲಿ ಒಂದು ಲಾಟಿಗೆ ಮೀಟರ್ ಏಳು ತೋರಿಸಿತು. ದೊಡ್ಡ ಧಣಿಗಳ ಹತ್ತಿರ ಹೋದೆ. ನಲುವತ್ತು ವರ್ಷ ಬೀಜದಲ್ಲೇ ಕಳೆದವರು. ಮೀಟರನ್ನು ನೋಡಲಿಲ್ಲ. ಒಂದು ಬೀಜ ಬಾಯಿಗೆ ಹಾಕಿ ಕಚ್ಚಿದರು. ಕಟ್ ಎಂದಿತು.

"ಶಬ್ದ ಕೇಳಿತಾ?"

"ಕೇಳಿತು."

"ಮತ್ತೆಂಥ ಮೀಟರು? ಕಳಿಸುವ."

ಲಾಟು ಹೋಯಿತು. ನಾನು ಸಂಜೆಯವರೆಗೆ ಮೀಟರನ್ನೇ ಮೂರು ಸಲ ಪರೀಕ್ಷಿಸಿದೆ. ಅದರಲ್ಲಿ ತಪ್ಪಿರಲಿಲ್ಲ. ಒಡೆದ ಬೀಜ, ಇಡೀ ಬೀಜ ಎಂದು ಆರಿಸುವ ವಿಭಾಗದ ಹಿರಿಯ ಅಕ್ಕ ನೋಡುತ್ತಿದ್ದವರು ಹತ್ತಿರ ಬಂದರು.

"ಅದನ್ನು ಯಾಕೆ ಗೋಳು ಹೊಯ್ಕೊಳ್ತೀರಿ ಮಾಷ್ಟ್ರೇ? ಧಣಿಗಳು ಹೋದ ತಿಂಗಳು ಮೂಡುಬಿದಿರೆಯಲ್ಲಿ ಹಲ್ಲಿನ ಸೆಟ್ ಮಾಡಿಸಿದ್ದಾರೆ. ಆ ಹಲ್ಲಿಗೆ ಬಾಳೆಹಣ್ಣೂ ಕಟ್ ಅಂತದೆ."

೨. ದುಂಡು ಮೇಜು

ದೊಡ್ಡ ಧಣಿಗಳು ಮನೆಯಲ್ಲಿ ಕುಳಿತರು. ಚಿಕ್ಕ ಧಣಿ ಬಂದರು. ಬಂದವರೇ ಮಂಗಳೂರಿನಲ್ಲಿ ಮೂರು ದಿನ ನಾಯಕತ್ವದ ತರಬೇತಿಗೆ ಹೋದರು. ನಾಲ್ಕನೇ ದಿನ ಅಪ್ಪನ ದೊಡ್ಡ ಕುರ್ಚಿಯನ್ನು ಗೋದಾಮಿಗೆ ಸಾಗಿಸಿದರು. ಅಳದಂಗಡಿಯ ಬಡಗಿಯಿಂದ ದುಂಡು ಮೇಜು ಮಾಡಿಸಿದರು. ಸುತ್ತ ಆರು ಕುರ್ಚಿ.

"ಇನ್ನು ಇಲ್ಲಿ ಮೇಲೆ ಕೆಳಗೆ ಅಂತ ಇಲ್ಲ. ದುಂಡಿಗೆ ತಲೆ ಇಲ್ಲ, ಬುಡ ಇಲ್ಲ. ಎಲ್ಲರೂ ನಾಯಕರು."

ಎಲ್ಲರೂ ಚಪ್ಪಾಳೆ ತಟ್ಟಿದೆವು. ಯಾರೂ ಕುಳಿತುಕೊಳ್ಳಲಿಲ್ಲ. ಚಿಕ್ಕ ಧಣಿ ಫ್ಯಾನಿನ ಕೆಳಗಿನ ಕುರ್ಚಿಯಲ್ಲಿ ಕುಳಿತರು. ಮ್ಯಾನೇಜರ್ ಅವರ ಬಲಕ್ಕೆ, ಲೆಕ್ಕದವರು ಎಡಕ್ಕೆ, ಸ್ಟೋರಿನವರು ಅದರಾಚೆ, ಲಾರಿ ಡ್ರೈವರ್ ಬಾಗಿಲ ಹತ್ತಿರ. ಉಳಿದ ಕುರ್ಚಿಗೆ ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು. ಅದು ನನ್ನದಾಯಿತು.

ಕೆಂಪು ಚೀಟಿಯ ವಿಷಯ ಕೇಳಿದೆ.

"ನಿಮಗೆ ಪೂರ್ಣ ಅಧಿಕಾರ ಉಂಟು ಮಾರಾಯ್ರೆ. ಸರಿ ಇಲ್ಲ ಅಂತ ಕಂಡ್ರೆ ಅಲ್ಲೇ ನಿಲ್ಲಿಸಿ," ಎಂದರು ಚಿಕ್ಕ ಧಣಿ. "ನಿಲ್ಲಿಸುವ ಮೊದಲು ನನ್ನನ್ನೊಮ್ಮೆ ಕೇಳಿ. ಅಷ್ಟೇ."

೩. ಮುಷ್ಟಿ

ಮುಂಬೈ ಪಾರ್ಟಿಯ ದೊಡ್ಡ ಲಾಟು ತಯಾರಾಯಿತು. ನಮ್ಮಲ್ಲಿ ಅರ್ಧ ಮಾಲು ಅವರಿಗೇ ಹೋಗುತ್ತದೆ. ಅವರು ಕೈಬಿಟ್ಟರೆ ಆರಿಸುವ ಹೆಂಗಸರಿಗೆ ಕೆಲಸ ಇಲ್ಲ.

ನಾನು ಮೀಟರ್ ತರುವ ಮೊದಲೇ ಅಕ್ಕ ಒಂದು ಮುಷ್ಟಿ ಬೀಜ ತೆಗೆದು ಕಿವಿಯ ಹತ್ತಿರ ಕುಲುಕಿದರು.

"ಆರೂವರೆಗಿಂತ ಮೇಲೆ ಉಂಟು. ಮಾತೇ ಆಡುವುದಿಲ್ಲ ಇದು."

ಮೀಟರ್ ೬.೮ ತೋರಿಸಿತು. ನನಗೆ ಕುತೂಹಲ. ಹತ್ತು ಬೇರೆ ಬೇರೆ ಮಾದರಿ ಕೊಟ್ಟೆ. ಒಂಬತ್ತರಲ್ಲಿ ಅಕ್ಕ ಹೇಳಿದ್ದು ಮೀಟರಿನ ಹತ್ತಿರವೇ ಬಂತು. ಹತ್ತನೆಯದಕ್ಕೆ ಮೀಟರಿನ ಬ್ಯಾಟರಿ ಹೋಗಿತ್ತು.

ಅಕ್ಕನನ್ನೂ ಮೇಜಿಗೆ ಕರೆಯುವ ಎಂದು ಮ್ಯಾನೇಜರಿಗೆ ಹೇಳಿದೆ.

"ಎಲ್ಲರೂ ನಾಯಕರೇ. ಅದರಲ್ಲಿ ಸಂಶಯ ಇಲ್ಲ," ಎಂದರು ಅವರು. "ಆದ್ರೆ ಕುರ್ಚಿ ಆರೇ ಉಂಟಲ್ಲ?"

ಅಕ್ಕನಿಗೆ ಬೇಸರವಾಗಲಿಲ್ಲ. "ನಾನೂ ನಾಯಕಿ ಆದ್ರೆ ಬೀಜ ಆರಿಸುವುದು ಯಾರು ಮಾಷ್ಟ್ರೇ? ಕಾರ್ಖಾನೆಯಲ್ಲಿ ಒಬ್ಬರಾದ್ರೂ ಕೆಲಸದವರು ಬೇಡವಾ?"

೪. ಓಟು

ದುಂಡು ಮೇಜಿನ ಸುತ್ತ ಸಭೆ ಸೇರಿತು. ಮಧ್ಯದಲ್ಲಿ ಒಂದು ತಟ್ಟೆ ಬೀಜ. ನಾನು ೬.೮ ಎಂದು ಬರೆದ ಕಾಗದ ಇಟ್ಟೆ. ಕಾಗದದ ಮೇಲೆ ಚಹಾದ ಗ್ಲಾಸು ಬಂತು.

"ಒಬ್ಬರ ತೀರ್ಮಾನ ಬೇಡ. ಎಲ್ಲರೂ ತಿಂದು ನೋಡುವ, ಓಟು ಹಾಕುವ," ಎಂದರು ಚಿಕ್ಕ ಧಣಿ. "ನಾನು ಓಟು ಹಾಕುವುದಿಲ್ಲ. ಹಾಕಿದ್ರೆ ನಿಮಗೆ ಒತ್ತಡ ಆಗ್ತದೆ." ಒಂದು ಬೀಜ ಅಗಿದು, "ನನಗೇನೋ ಗರಿಗರಿ ಅಂತ ಕಾಣ್ತದೆ," ಎಂದು ಸೇರಿಸಿದರು.

ಮ್ಯಾನೇಜರ್, ಲೆಕ್ಕದವರು, ಸ್ಟೋರಿನವರು ಅಗಿಯುವುದನ್ನು ಮುಗಿಸುವ ಮೊದಲೇ ಕಳಿಸುವ ಎಂದು ಕೈ ಎತ್ತಿದರು. ಡ್ರೈವರ್ ಕೂಡಲೇ ಎತ್ತಲಿಲ್ಲ.

"ನನಗೆ ಸರಿ ಗೊತ್ತಾಗ್ಲಿಲ್ಲ. ಇನ್ನು ನಾಲ್ಕು ಕೊಡಿ."

ತಟ್ಟೆ ಖಾಲಿಯಾದ ಮೇಲೆ ಅವರಿಗೂ ಗೊತ್ತಾಯಿತು. ಬೇಡ ಎಂದು ಎದ್ದದ್ದು ನನ್ನದೊಂದೇ ಕೈ. ನಾಲ್ಕು–ಒಂದು.

"ಮೀಟರಿಗೆ ಅನ್ಯಾಯ ಆಗುವುದು ಬೇಡ. ಅದಕ್ಕೂ ಒಂದು ಓಟು ಕೊಡುವ," ಎಂದರು ಚಿಕ್ಕ ಧಣಿ.

ಮೀಟರಿನ ಪರವಾಗಿ ಇನ್ನೊಂದು ಕೈ ಎತ್ತಿದೆ. ನಾಲ್ಕು–ಎರಡು. ವಿಜ್ಞಾನ ಎರಡು ಓಟಿನಿಂದ ಸೋತಿತು. ಅರ್ಧ ಗಂಟೆಯಲ್ಲಿ ಲಾರಿ ಹೊರಟಿತು.

೫. ಕೊನೆಗೂ ನಿಂತದ್ದು

ಮೂರು ವಾರಕ್ಕೆ ಲಾಟು ವಾಪಸು ಬಂತು. ಟಿನ್ ಒಡೆದರೆ ಒಳಗೆ ಬೂಷ್ಟು. ಮುಂಬೈ ಪಾರ್ಟಿ ಮುಂದಿನ ಮಾಲು ಬೇಡ ಎಂದಿತು. ತಪ್ಪು ಯಾರದೆಂದು ಬರೆದು ಕಳಿಸಿ ಎಂದೂ ಕೇಳಿತು.

ಮತ್ತೆ ಸಭೆ. ಆರು ಜನ ನಾಯಕರು ಮೇಜನ್ನು ನೋಡುತ್ತಾ ಕುಳಿತೆವು. ದುಂಡು ಮೇಜಿನ ಗುಣ ಅವತ್ತು ಗೊತ್ತಾಯಿತು: ಬೆರಳು ಯಾರ ಕಡೆ ತೋರಿಸಿದರೂ ಸುತ್ತಿ ಬರುತ್ತದೆ.

"ಗುಣಮಟ್ಟಕ್ಕೆ ಒಬ್ಬರು ಮುಖ್ಯಸ್ಥರು ಇಲ್ಲದ್ದೇ ತೊಂದರೆ," ಎಂದರು ಮ್ಯಾನೇಜರ್. "ನಮ್ಮ ಮಾಷ್ಟ್ರು ಆಗ್ಬಹುದು."

ಐದು ಕೈ ಎದ್ದವು. ಈ ಸಲ ಚಿಕ್ಕ ಧಣಿಯದೂ ಇತ್ತು. ನೇಮಕದ ಪತ್ರ ಅಲ್ಲೇ ತಯಾರಾಯಿತು. ಓದಿದೆ. ನಾನು ಹೋದ ತಿಂಗಳ ಒಂದನೇ ತಾರೀಕಿನಿಂದ ಮುಖ್ಯಸ್ಥ. ಲಾಟು ಹೊರಟದ್ದು ಹೋದ ತಿಂಗಳ ಹದಿನೈದಕ್ಕೆ.

"ಇನ್ನು ನಿಲ್ಲಿಸುವುದೆಲ್ಲ ನಿಮ್ಮ ಕೈಯಲ್ಲಿ," ಎಂದು ಚಿಕ್ಕ ಧಣಿ ಕೈ ಕುಲುಕಿದರು. ಮತ್ತೆ ಒಂದು ಕಾಗದ ಮುಂದೆ ಸರಿಸಿದರು. "ಮೊದಲು ಇದಕ್ಕೊಂದು ಸಹಿ ಹಾಕಿ."

ಆರಿಸುವ ವಿಭಾಗಕ್ಕೆ ಮುಂದಿನ ಸೂಚನೆಯವರೆಗೆ ಕೆಲಸ ಇಲ್ಲ ಎಂಬ ನೋಟಿಸು.

"ಸ್ವಲ್ಪ ಯೋಚಿಸಿ ಹೇಳ್ತೇನೆ. ನೀವೂ ಒಮ್ಮೆ..."

"ಛೆ ಛೆ, ಇದಕ್ಕೆಲ್ಲ ನನ್ನನ್ನು ಕೇಳುವುದು ಬೇಡ. ನೀವೇ ನಾಯಕರು."

ಪೆನ್ನನ್ನು ಅವರೇ ಕೊಟ್ಟರು. ನಾನು ಸಹಿ ಹಾಕಿದೆ. ಹಾಕಬಾರದಿತ್ತು.

ನೋಟಿಸು ಅಂಟಿಸುವುದೂ ಮುಖ್ಯಸ್ಥರ ಕೆಲಸವಂತೆ. ಬಾಗಿಲಿಗೆ ಅಂಟಿಸುವಾಗ ಅಕ್ಕ ಬುತ್ತಿಯ ಚೀಲ ಹಿಡಿದು ಹಿಂದೆ ನಿಂತಿದ್ದರು. ನಿಧಾನವಾಗಿ ಓದಿದರು. ಕೆಳಗಿನ ಸಹಿಯನ್ನು ನೋಡಿದರು. ನನ್ನನ್ನು ನೋಡಿದರು.

"ಒಳ್ಳೆಯದಾಯ್ತು ಮಾಷ್ಟ್ರೇ," ಎಂದರು. "ಎರಡು ವರ್ಷದಿಂದ ಆಸೆಪಡ್ತಿದ್ರಿ. ಅಂತೂ ಒಂದನ್ನು ನಿಲ್ಲಿಸಿದ್ರಿ."