ಎಂಟಕ್ಷರದ ಬೀಗ

ನಂಜನಗೂಡಿನ ನಮ್ಮ ಬೀದಿಗೆ ತಂತಿಯಿಲ್ಲದ ಇಂಟರ್ನೆಟ್ಟನ್ನು ಮೊಟ್ಟಮೊದಲು ತಂದವನು ನಾನು. ಜಂಬ ಕೊಚ್ಚಿಕೊಳ್ಳುತ್ತಿದ್ದೇನೆ ಎಂದು ನಿಮಗನ್ನಿಸಿದರೆ ನಿಮ್ಮ ಊಹೆ ಸರಿಯಾಗಿದೆ. ಎರಡು ಸಾವಿರದ ಒಂಬತ್ತನೇ ಇಸವಿ. ಯಾವ ಮೆಕ್ಯಾನಿಕ್ಕಿಗೂ ಮುಟ್ಟಗೊಡದೆ, ತಿ. ನರಸೀಪುರದಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿರುವ ಕಲ್ಲಯ್ಯನೆಂಬ ನಾನು ಈ ಎರಡು ಕೈಯಿಂದಲೇ ಅದನ್ನು ಜೋಡಿಸಿದೆ.

ಇದಕ್ಕೆಲ್ಲ ಕಾರಣ ನನ್ನ ಬಾವಮೈದ ಬಸವೇಶ. ಅವನದು ಮೈಸೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. ನಾನು ನನ್ನ ಮಗಳು ಶಿವರಂಜನಿಗೆ ಲ್ಯಾಪ್‌ಟಾಪ್ ಕೊಡಿಸಿ, ಹೊಸ ಮೋಡೆಮ್ಮನ್ನೂ ರೌಟರನ್ನೂ ಮನೆಗೆ ತಂದ ದಿನವೇ ಅವನ ಫೋನು ಬಂತು.

"ಭಾವ, ನೀವು ಅದಕ್ಕೆ ಕೈ ಹಾಕ್ಬೇಡಿ. ಭಾನುವಾರ ನಾನೇ ಬತ್ತೀನಿ. ಅದು ಪಂಪ್‌ಸೆಟ್ ಅಲ್ಲ."

ಇಪ್ಪತ್ತೈದು ವರ್ಷ ಪಾತಾಳದಿಂದ ಗಂಗೆಯನ್ನು ಎತ್ತಿದವನಿಗೆ ಹೇಳುವ ಮಾತೇ ಇದು? ನನಗೆ ರೇಗಿತು.

"ನೀನು ಬರೋದೇ ಬೇಡ. ರಂಜನಿ ಎಂ.ಸಿ.ಎ. ಅರ್ಜಿ ಈ ಮನೆಯಿಂದ್ಲೇ, ನಾನು ಜೋಡಿಸಿದ ಇಂಟರ್ನೆಟ್ಟಲ್ಲೇ ಹೋಗುತ್ತೆ. ಹೋಗ್ದಿದ್ರೆ ಇನ್ಮೇಲೆ ಬಲ್ಬು ಬದಲಾಯ್ಸಕ್ಕೂ ನಿನ್ನೇ ಕರೀತೀನಿ" ಅಂದುಬಿಟ್ಟೆ.

ಮೂರು ಭಾನುವಾರ ಹಿಡಿಯಿತು. (ನಾಲ್ಕು ಎಂದು ನನ್ನ ಹೆಂಡತಿ ಸರ್ವಮಂಗಳಾ ಹೇಳುತ್ತಾಳೆ. ಒಂದು ಭಾನುವಾರ ನಾನು ಬರೀ ಯೋಚನೆ ಮಾಡಿದ್ದೆ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು.) ರೌಟರಿನ ಬೆನ್ನಲ್ಲಿ ಐದು ತೂತು, ನಾಲ್ಕು ಹಳದಿ, ಒಂದು ನೀಲಿ. ಮೋಡೆಮ್ಮಿನ ತಂತಿಯನ್ನು ಹಳದಿ ತೂತುಗಳಿಗೆ ಒಂದೊಂದಾಗಿ ಚುಚ್ಚಿ ನೋಡಿದೆ, ಏನೂ ಆಗಲಿಲ್ಲ. ಮೂರನೇ ಭಾನುವಾರ ಇಡ್ಲಿ ತಿನ್ನುತ್ತಿದ್ದಾಗ ಜ್ಞಾನೋದಯವಾಯಿತು. ಟೆಲಿಫೋನ್ ಲೈನು ಎಂದರೆ ಬೋರು, ಮೋಡೆಮ್ಮು ಮೋಟರು, ರೌಟರು ಮಾಳಿಗೆ ಮೇಲಿನ ಟ್ಯಾಂಕು. ಟ್ಯಾಂಕಿಗೆ ನೀರು ಒಳಗೆ ಬರುವ ತೂತು ಒಂದೇ, ಹೊರಗೆ ಹೋಗುವವು ನಾಲ್ಕು. ಕೈ ತೊಳೆಯದೆ ಎದ್ದು ಹೋಗಿ ತಂತಿಯನ್ನು ನೀಲಿ ತೂತಿಗೆ ಚುಚ್ಚಿದೆ. ಹಸಿರು ದೀಪ ಹತ್ತಿತು. ಸರ್ವಮಂಗಳಾ ವಿಭೂತಿ ತಟ್ಟೆ ಹಿಡಿದು ಬಂದಳು. ದೀಪಗಳನ್ನು ಬಿಟ್ಟು ರೌಟರಿನ ನೆತ್ತಿಗೆ ಮಾತ್ರ ಹಚ್ಚಲು ಅಪ್ಪಣೆ ಕೊಟ್ಟೆ.

ಆಮೇಲೆ ಪಾಸ್‌ವರ್ಡ್ ಎಂಬ ಬೀಗ ಹಾಕಬೇಕಿತ್ತು. ಕಡಿಮೆಯೆಂದರೆ ಎಂಟಕ್ಷರ ಇರಬೇಕು ಎಂದು ಪರದೆ ಹಟ ಹಿಡಿಯಿತು. ನನ್ನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ಎಣಿಸಿದೆ. ಸರಿಯಾಗಿ ಎಂಟು. ಅಪ್ಪ ಅಮ್ಮನ ದೂರದೃಷ್ಟಿಗೆ ಮನಸ್ಸಿನಲ್ಲೇ ಕೈಮುಗಿದು ಅದನ್ನೇ ಹಾಕಿದೆ.

ಇದೇನು ಪೆದ್ದುತನ ಎನ್ನಬೇಡಿ, ನನ್ನ ತಂತ್ರ ಇರುವುದೇ ಅಲ್ಲಿ. ನಾನು ಅಂಗಡಿಗೆ ಹೋದಾಗ ಬೀಗದ ಗುಟ್ಟು ಮನೆಯಲ್ಲಿರುವ ಇಬ್ಬರಿಗೂ ಗೊತ್ತಿರಬೇಕು. ಮಗಳು ಯಾರಿಗೂ ಹೇಳುವುದಿಲ್ಲ ಎಂದು ಆಣೆ ಇಟ್ಟಳು. ಸರ್ವಮಂಗಳಾಗೆ ಆಣೆಯೇ ಬೇಕಿರಲಿಲ್ಲ. ಮದುವೆಯಾಗಿ ಇಪ್ಪತ್ನಾಲ್ಕು ವರ್ಷವಾದರೂ ಅವಳು ಗಂಡನ ಹೆಸರನ್ನು ಒಮ್ಮೆಯೂ ಬಾಯಲ್ಲಿ ಆಡಿದವಳಲ್ಲ. ರೇಷನ್ ಅಂಗಡಿಯವನು ಯಜಮಾನರ ಹೆಸರೇನು ಎಂದರೆ ಕಾರ್ಡನ್ನು ಮುಂದೆ ಚಾಚುತ್ತಾಳೆ. ಅವಳ ಬಾಯಿಂದ ಸತ್ತರೂ ಹೊರಡದ ಪದ ಈ ಭೂಮಂಡಲದಲ್ಲಿ ಒಂದೇ ಒಂದು. ಅದನ್ನೇ ಬೀಗ ಮಾಡಿದ ನನ್ನ ಬುದ್ಧಿವಂತಿಕೆಗೆ ನಾನೇ ತಲೆದೂಗಿದೆ.

ಅಲ್ಲಿಂದಾಚೆಗೆ ಬೀದಿಯಲ್ಲಿ ನನ್ನ ಗೌರವವೂ ಏರುತ್ತಾ ಹೋಯಿತು. ಮೂಲೆಮನೆಯ ಮೇಷ್ಟ್ರು ನಮ್ಮ ಗೇಟಿನ ಮುಂದೆ ನಿಂತು ಹಿತ್ತಾಳೆ ಬೋರ್ಡಿನ ಮೇಲಿನ ನನ್ನ ಹೆಸರನ್ನು ತುಟಿ ಅಲ್ಲಾಡಿಸುತ್ತಾ ಓದುತ್ತಿದ್ದರು. ಇನ್ನೊಂದು ದಿನ ಎದುರುಮನೆ ಪುಟ್ಟಬಸಮ್ಮನ ಮೊಮ್ಮಗ. ಮತ್ತೊಂದು ದಿನ ಕೊನೆಮನೆಯ ಬ್ಯಾಂಕಿನವರು, ಅವರಂತೂ ಚೀಟಿಯಲ್ಲಿ ಬರೆದುಕೊಂಡರು. ತಂತ್ರಜ್ಞಾನ ತಂದವನ ಹೆಸರನ್ನು ಜನ ನೆನಪಿಟ್ಟುಕೊಳ್ಳಲು ಬಯಸುವುದು ಸಹಜವೇ. ಓದುವವರಿಗೆ ತೊಂದರೆಯಾಗದಿರಲಿ ಎಂದು ಬೋರ್ಡಿಗೆ ಹುಣಸೆಹಣ್ಣು ಹಾಕಿ ತಿಕ್ಕಿಸಿದೆ.

ಅರ್ಜಿಯ ಕಡೆಯ ದಿನ ಬಂತು. ಸಂಜೆ ಐದಕ್ಕೆ ಮುಗಿಯುತ್ತದೆ. ಮೂರು ಗಂಟೆಗೆ ಬಸವೇಶ ಹಾಜರಾದ. "ಸುಮ್ನೆ ಹಂಗೇ ಬಂದೆ ಭಾವ" ಅಂದ. ಯಾಕೆ ಬಂದ ಎಂದು ನನಗೆ ಗೊತ್ತಿತ್ತು. ಶಿವರಂಜನಿ ಅರ್ಜಿ ತುಂಬಿ ಕಳಿಸುವ ಗುಂಡಿ ಒತ್ತಿದಳು. ಪರದೆಯ ಮೇಲೆ ಚಕ್ರ ತಿರುಗಿತು. ತಿರುಗುತ್ತಲೇ ಇತ್ತು. ನಾಲ್ಕು ಗಂಟೆಯಾದರೂ ಅದೇ ಚಕ್ರ.

"ಅಪ್ಪಾಜಿ, ಹೋಗ್ತಾನೇ ಇಲ್ಲ. ಒಂದ್ವರ್ಷ ಹಾಳಾಗುತ್ತೆ" ಎಂದಾಗ ಅವಳ ಕಣ್ಣಲ್ಲಿ ನೀರು. ಬಲ್ಬಿನ ಮಾತು ಹೋಗಲಿ, ಮಗುವಿನ ಒಂದು ವರ್ಷ ನನ್ನ ಹಟದಿಂದ ಹೋದರೆ ಯಾರಿಗೆ ಮುಖ ತೋರಿಸಲಿ? ಬೇರೆ ದಾರಿಯಿಲ್ಲದೆ ಬಸವೇಶನ ಕಡೆ ನೋಡಿದೆ. ಅವನು ರೌಟರಿಗೆ ಯಾರ್ಯಾರು ಸೇರಿಕೊಂಡಿದ್ದಾರೆಂಬ ಪಟ್ಟಿ ತೆರೆದ.

"ಜೋಡಣೆ ಸರಿಯಾಗೇ ಇದೆ ಭಾವ. ಆದ್ರೆ ನಿಮ್ಮ ಟ್ಯಾಂಕಿಗೆ ಒಂಬತ್ತು ಜನ ನಲ್ಲಿ ಹಾಕ್ಕೊಂಡವ್ರೆ."

ನಾನು ಸರ್ವಮಂಗಳಾ ಕಡೆ ತಿರುಗಿದೆ. "ನನ್ನ ಹೆಸರು ಯಾರ್ಯಾರ ಹತ್ರ ಹೇಳ್ದೆ?"

"ಶಿವ ಶಿವ. ಹೆಂಡ್ತಿಯಾದೋಳು ಹೆಸರು ಹೇಳಿದ್ರೆ ಗಂಡನ ಆಯಸ್ಸು ಕಮ್ಮಿಯಾಗಲ್ವೇನ್ರೀ? ನಾನ್ಯಾಕೆ ಹೇಳ್ಲಿ?"

"ಮತ್ತೆ ಅವ್ರಿಗೆಲ್ಲಾ ಹೆಂಗೆ ಗೊತ್ತಾಯ್ತು?"

"ಕೇಳಿದೋರ್ನ ಗೇಟ್ ಹತ್ರ ಕಳಿಸ್ದೆ. ಬೋರ್ಡಲ್ಲಿ ಇಂಗ್ಲಿಷಲ್ಲೂ ಬರ್ಸಿದೀರಲ್ಲ. ಮುಂದಿನ ಇನಿಷಿಯಲ್ ಬಿಟ್ಟು ಮಿಕ್ಕಿದ್ದನ್ನ ಚಿಕ್ಕಕ್ಷರದಲ್ಲಿ ಒತ್ಕೊಳ್ಳಿ ಅಂದೆ. ನನ್ನ ಬಾಯಿಂದ ಒಂದಕ್ಷರ ಬಂದಿದ್ರೆ ಕೇಳಿ."

"ಅಲ್ಲ ಕಣೇ, ಕೊಡೋದ್ಯಾಕೆ?"

"ಬೀದಿ ನಲ್ಲಿ ನಿಂತಾಗ ನಮ್ಮ ಬೋರ್ ನೀರು ಬಿಡ್ತೀವಿ ತಾನೇ? ಇದೂ ಹಂಗೇ ಅಂತ ನೀವೇ ಬೀದಿಗೆಲ್ಲಾ ಹೇಳ್ಕೊಂಡು ಬಂದ್ರಿ."

ಬಸವೇಶ ಪಾಸ್‌ವರ್ಡ್ ಬದಲಾಯಿಸಲು ಕೈ ಹಾಕಿದ. ಸರ್ವಮಂಗಳಾ ತಡೆದಳು. "ಸುಮ್ನಿರೋ. ಅಷ್ಟಕ್ಕೆಲ್ಲಾ ಯಾಕೆ?" ಎಂದು ಜಗಲಿಗೆ ಹೋಗಿ ನಿಂತಳು. "ಪುಟ್ಟಬಸಕ್ಕ, ನಮ್ಮ ರಂಜನಿ ಅರ್ಜಿ ಹೋಗ್ಬೇಕು. ಎಲ್ರೂ ಅರ್ಧ ಗಂಟೆ ನಿಲ್ಸಿ ಅಂತ ಹೇಳಿ."

ಆ ಮಾತು ಎದುರುಮನೆಯಿಂದ ಮೂಲೆಮನೆಗೆ, ಅಲ್ಲಿಂದ ಬ್ಯಾಂಕಿನವರ ಮನೆಗೆ ಹೋಯಿತು. ಒಳಗೆ ನಾವು ಮೂವರೂ ಪಟ್ಟಿಯನ್ನೇ ನೋಡುತ್ತಾ ಕೂತೆವು. ಒಂಬತ್ತು ಏಳಾಯಿತು, ನಾಲ್ಕಾಯಿತು, ಕೊನೆಗೆ ಪಟ್ಟಿಯಲ್ಲಿ ನಮ್ಮದೊಂದೇ ಉಳಿಯಿತು. ಶಿವರಂಜನಿ ಮತ್ತೆ ಗುಂಡಿ ಒತ್ತಿದಳು. ಐದಕ್ಕೆ ಹನ್ನೆರಡು ನಿಮಿಷ ಇರುವಾಗ ಅರ್ಜಿ ಹೋಯಿತು, ಅರ್ಜಿಯ ನಂಬರೂ ಬಂತು.

ಮಗಳು ನನ್ನ ಕುತ್ತಿಗೆಗೆ ಜೋತುಬಿದ್ದಳು. ನಾನು ಎದೆಯುಬ್ಬಿಸಿ ಬಾವಮೈದನನ್ನು ನೋಡಿದೆ. ಎಷ್ಟಾದರೂ ಅರ್ಜಿ ಹೋದದ್ದು ನಾನು ಜೋಡಿಸಿದ ಇಂಟರ್ನೆಟ್ಟಿನಲ್ಲೇ, ಈ ಮನೆಯಿಂದಲೇ. "ಒಪ್ಕೊಂಡೆ ಭಾವ, ಒಂಬತ್ತು ಮನೆ ಎಳ್ಕೊಂಡ್ರೂ ನಿಮ್ಮ ಟ್ಯಾಂಕು ಕೂತು ಹೋಗಿಲ್ಲ" ಎಂದು ಅವನೂ ತಲೆಯಾಡಿಸಿದ. ಇನ್ನು ಬೀದಿಯವರಿಗೊಂದು ಕಟ್ಟುನಿಟ್ಟಿನ ಮಾತು ಹೇಳಿ ಬರೋಣವೆಂದು ಪಂಚೆ ಸರಿಮಾಡಿಕೊಂಡು ಗೇಟಿಗೆ ಹೋದೆ.

ಅಲ್ಲಿ ಪುಟ್ಟಬಸಮ್ಮ ಆಗಲೇ ನಿಂತಿದ್ದರು.

"ಅರ್ಜಿ ಓಯ್ತಾ ಸಾವ್ಕಾರ್ರೇ? ಒಳ್ಳೇದಾಯ್ತು ಬುಡಿ. ಅಂಗಾರೆ ನಮ್ಮ ಐಕಳು ಇನ್ನು ಕಲ್ಲಯ್ಯನ ಒತ್ಕೊಳ್ಳಬೌದಾ?"

ನಾನು ಗಂಟಲು ಸರಿಮಾಡಿಕೊಂಡು ಹಿಂತಿರುಗಿ ನೋಡಿದೆ. ಜಗಲಿಯ ಮೇಲಿನಿಂದ ಸರ್ವಮಂಗಳಾ ಆಗಲಿ ಎನ್ನುವಂತೆ ತಲೆಯಾಡಿಸಿದಳು.

"ಒತ್ಕೊಳ್ಳಿ" ಅಂದೆ.