ಯಾರೂ ಮುಟ್ಟದ ಕಾರ್ಡ್

ಇದು ಕಳೆದ ಫೆಬ್ರವರಿಯಲ್ಲಿ ನಡೆದದ್ದು. ಭೌತಶಾಸ್ತ್ರದ ಲ್ಯಾಬಿನಲ್ಲಿ ಕೆಲಸ ಮಾಡುವವರಿಗೆ ನಗುವಂಥದ್ದು ವಾರಕ್ಕೊಂದಾದರೂ ಸಿಗುತ್ತದೆ. ಆ ತಿಂಗಳು ಮಾತ್ರ ಎಲ್ಲವೂ ಒಂದೇ ಕಾರ್ಡಿನಿಂದ ಸಿಕ್ಕಿತು.

ನಾನು ಕೊಪ್ಪದ ಒಂದು ಸಣ್ಣ ಕಾಲೇಜಿನಲ್ಲಿ ಲ್ಯಾಬ್ ನೋಡಿಕೊಳ್ಳುತ್ತೇನೆ. ನನಗೆ ಅದು ಎರಡನೇ ವರ್ಷ. ನಮ್ಮ ಅಟೆಂಡರಣ್ಣನಿಗೆ ಮೂವತ್ತೊಂದನೇ ವರ್ಷ, ಕೊನೆಯ ತಿಂಗಳು. ಇಪ್ಪತ್ತೆಂಟಕ್ಕೆ ನಿವೃತ್ತಿ. ಹೋಗುವ ಮೊದಲು ಸ್ಟಾಕ್ ರಿಜಿಸ್ಟರಿನಲ್ಲಿರುವ ಪ್ರತಿ ಸಾಮಾನನ್ನೂ ಸುಸ್ಥಿತಿಯಲ್ಲಿದೆ ಎಂದು ತೋರಿಸಿ ಒಪ್ಪಿಸಬೇಕು. ಆಮೇಲೆ ಪ್ರಿನ್ಸಿಪಾಲರ ಸಹಿ. ಸಹಿ ಇಲ್ಲದೆ ಅವರ ನಿವೃತ್ತಿಯ ಕಾಗದ ಮುಂದೆ ಹೋಗುವುದಿಲ್ಲ. ಲೋಲಕದಿಂದ ಲೆನ್ಸಿನವರೆಗೆ ಎಲ್ಲವೂ ಸರಿಯಿತ್ತು. ಉಳಿದದ್ದು ಒಂದೇ: ಗೀಗರ್ ಕೌಂಟರನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸ್ ಕಾರ್ಡ್.

ಗೀಗರ್ ಕೌಂಟರ್ ಎಂದರೆ ವಿಕಿರಣ ಎಣಿಸುವ ಯಂತ್ರ. ನಮ್ಮದಕ್ಕೆ ಅಂಕಿ ತೋರಿಸುವ ಸ್ವಂತ ಪರದೆ ಇಲ್ಲ. ಅದು ಎಣಿಸಿದ್ದು ಈ ಕಾರ್ಡಿನ ಮೂಲಕ ಕಂಪ್ಯೂಟರಿಗೆ ಹೋಗಿ ಅಲ್ಲಿ ಕಾಣಬೇಕು. ಒಂಬತ್ತು ವರ್ಷದ ಹಿಂದೆ ಕಂಪನಿಯವನು ಬಂದು ಕೂರಿಸಿದ ದಿನ ಕಂಡಿತ್ತಂತೆ. ಅದಾಗಿ ಸ್ವಲ್ಪ ದಿನಕ್ಕೇ ಪರದೆಯ ಮೇಲೆ ಒಂದೇ ಸಾಲು ಬರತೊಡಗಿತು: ಉಪಕರಣ ಸಿಗುತ್ತಿಲ್ಲ.

“ಪರದೆ ಮೇಲೆ ನಂಬರ್ ತೋರಿಸಿ, ಸಹಿ ಹಾಕ್ತೇನೆ” ಅಂದರು ಪ್ರಿನ್ಸಿಪಾಲರು.

ಕೈಯಲ್ಲಿ ಹನ್ನೆರಡು ದಿನ ಇತ್ತು.

೧. ಪಟ್ಟಿ

ನಾನು ಪಟ್ಟಿ ಮಾಡಿದೆ. ಹದಿನಾಲ್ಕು ಹೆಜ್ಜೆ. ಕಡಿಮೆ ಕೈಹಾಕುವ ಕೆಲಸ ಮೊದಲು, ಹೆಚ್ಚು ಕೈಹಾಕುವುದು ಕೊನೆಗೆ. ಮೊದಲನೆಯದು ಪ್ಲಗ್ ನೋಡುವುದು. ಹದಿನಾಲ್ಕನೆಯದು ಕಾರ್ಡನ್ನೇ ಹೊರಗೆ ತೆಗೆಯುವುದು.

ಅಟೆಂಡರಣ್ಣನಿಗೆ ಪಟ್ಟಿ ಇಷ್ಟವಾಯಿತು, ಕೊನೆಯ ಸಾಲೊಂದು ಬಿಟ್ಟು. ಹುಡುಗರ ಎದುರಿಗೆ ಅವರು ನನಗೆ ಮೇಡಂ ಅನ್ನುತ್ತಾರೆ, ಯಾರೂ ಇಲ್ಲದಾಗ ಮಾರಾಯ್ತಿ.

“ಕಾರ್ಡ್ ತೆಗೆಯೋದು ಬೇಡ ಮಾರಾಯ್ತಿ. ಕಂಪನಿಯವ ಕೂರಿಸಿ ಹೋದದ್ದು. ಒಂಬತ್ತು ವರ್ಷದಿಂದ ಒಬ್ಬರೂ ಮುಟ್ಟಿಲ್ಲ. ನಾನೇ ಮುಟ್ಟಿಲ್ಲ.”

ಕಂಪ್ಯೂಟರಿನ ಮೇಲೆ ಒಂದು ಪ್ಲಾಸ್ಟಿಕ್ ಹೊದಿಕೆ, ಅದರ ಮೇಲೆ ಬೆಡ್‌ಶೀಟು, ಅದರ ಮೇಲೊಂದು ಉಣ್ಣೆಯ ಶಾಲು ಇತ್ತು. ಮಳೆಗಾಲದ ಥಂಡಿಗೆ ಅಂತೆ. ಒಂದೊಂದಾಗಿ ತೆಗೆದು, ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿ ಟಾರ್ಚ್ ಹಾಕಿದೆ. ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಧೂಳು: ಸ್ವಲ್ಪವೂ ಇಲ್ಲ, ಕಾರಣ ಗೊತ್ತಿಲ್ಲ. ಸುಟ್ಟ ವಾಸನೆ: ಇಲ್ಲ. ಒಳ್ಳೆಯ ವಾಸನೆ: ಇದೆ.

೨. ನಮ್ಮ ಲ್ಯಾಬಿನ ಅಂಕಿ

ಕಾರ್ಡ್ ಕೆಲಸ ಮಾಡದ ಇಷ್ಟು ವರ್ಷ ಹುಡುಗರು ಈ ಪ್ರಯೋಗ ಹೇಗೆ ಮಾಡಿದರು ಎಂದು ಹಳೆಯ ರೆಕಾರ್ಡ್‌ಗಳನ್ನು ತೆಗೆದು ನೋಡಿದೆ. ಎಲ್ಲರೂ ಮಾಡಿದ್ದರು. ಪ್ರತಿ ರೆಕಾರ್ಡಿನಲ್ಲೂ ಒಂದೇ ಉತ್ತರ: ನಿಮಿಷಕ್ಕೆ ಇಪ್ಪತ್ತಮೂರು. ಎಲ್ಲರಿಗೂ ಪೂರ್ತಿ ಅಂಕ.

“ಇದು ಯಾರು ಹೇಳಿದ್ದು?”

“ನಾನೇ. ಕಂಪನಿಯವ ಬಂದ ದಿನ ಬಂದ ರೀಡಿಂಗ್ ಅದು. ರಿಜಿಸ್ಟರಲ್ಲಿ ಉಂಟು ನೋಡು.”

ಇತ್ತು.

ನಾನು ವಿವರಿಸಿದೆ. ಯಂತ್ರದ ಎದುರು ಏನೂ ಇಡದಿದ್ದರೂ ನೆಲದಿಂದ, ಆಕಾಶದಿಂದ ಸ್ವಲ್ಪ ವಿಕಿರಣ ಬರುತ್ತಲೇ ಇರುತ್ತದೆ. ಅದನ್ನೇ ಇಲ್ಲಿ ಎಣಿಸುವುದು. ಅದು ಹೇಗೆಂದರೆ ಹಾಗೆ ಬರುತ್ತದೆ, ಒಂದು ನಿಮಿಷ ಹೆಚ್ಚು, ಒಂದು ನಿಮಿಷ ಕಮ್ಮಿ. ಒಂಬತ್ತು ವರ್ಷ ಒಂದೇ ಅಂಕಿ ಎಲ್ಲಿಯೂ ಬರುವುದಿಲ್ಲ.

ಅಟೆಂಡರಣ್ಣ ಪೂರ್ತಿ ಕೇಳಿಸಿಕೊಂಡರು.

“ಬೇರೆ ಕಡೆದು ನಂಗೊತ್ತಿಲ್ಲ. ನಮ್ಮ ಕಾಲೇಜಲ್ಲಿ ಇಪ್ಪತ್ಮೂರು.”

೩. ಸಹಾಯವಾಣಿ

ಆರನೇ ಹೆಜ್ಜೆ, ಕಂಪನಿಗೆ ಫೋನ್ ಮಾಡುವುದು. ನಮ್ಮ ಲ್ಯಾಬು ಮಹಡಿಯ ಮೇಲೆ, ಫೋನಿಗೆ ಸಿಗ್ನಲ್ ಸಿಗುವುದು ಕೆಳಗೆ ನೀರಿನ ಟ್ಯಾಂಕಿನ ಹತ್ತಿರ. ನಾನು ಮೇಲೆ ಕಂಪ್ಯೂಟರಿನ ಎದುರು ಕೂತೆ. ಅಟೆಂಡರಣ್ಣ ಕೆಳಗೆ ಫೋನ್ ಹಿಡಿದು ನಿಂತರು. ಕಂಪನಿಯವನು ಕೇಳಿದ್ದನ್ನು ಅವರು ಕಿಟಕಿಗೆ ಕೂಗುವುದು, ನಾನು ಹೇಳಿದ್ದನ್ನು ಅವರು ಅವನಿಗೆ ಹೇಳುವುದು ಎಂದು ಮಾತಾಗಿತ್ತು.

“ಕಾರ್ಡಿನ ಲೈಟ್ ಯಾವ ಬಣ್ಣ ಅಂತೆ?”

“ಕೆಂಪು.”

ಕೆಳಗೆ ಏನೋ ಮಾತಾಯಿತು.

“ಪರದೆ ಮೇಲೆ ಎಂತ ಬಂದಿದೆ ಅಂತೆ?”

“ಉಪಕರಣ ಸಿಗುತ್ತಿಲ್ಲ ಅಂತ.”

ಮತ್ತೆ ಮಾತು. ಐದು ನಿಮಿಷ ಕಾದೆ. ಇನ್ನೊಂದು ಪ್ರಶ್ನೆ ಬರಲಿಲ್ಲ. ಅಟೆಂಡರಣ್ಣ ಖುಷಿಯಾಗಿ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿದ್ದ ಫೋನಿನಲ್ಲಿ, ಕೆಳಗಿರುವಾಗಲೇ ಬಂದ ಸಂದೇಶ: ನಿಮ್ಮ ದೂರು ಪರಿಹಾರವಾಗಿದೆ.

“ನೀವು ಅವನಿಗೆ ಎಂತ ಹೇಳಿದ್ರಿ?”

“ಒಳ್ಳೆ ಹುಡುಗ. ಎಲ್ಲ ಹೇಗಿದೆ ಸಾರ್ ಅಂತ ಕೇಳಿದ. ಚೆನ್ನಾಗಿದೆ ಅಂದೆ.”

“ಕೆಂಪು ಲೈಟ್ ವಿಷಯ?”

“ಅಷ್ಟು ದೂರದಲ್ಲಿ ಕೂತವನಿಗೆ ಅದೆಲ್ಲ ಹೇಳಿ ಬೇಜಾರು ಮಾಡೋದು ಎಂತಕ್ಕೆ ಮಾರಾಯ್ತಿ.”

೪. ಶೃಂಗೇರಿಗೆ

ಹತ್ತನೇ ಹೆಜ್ಜೆ, ಕಂಪ್ಯೂಟರನ್ನು ಬೇರೆಯವರಿಗೆ ತೋರಿಸುವುದು. ಶೃಂಗೇರಿಯಲ್ಲಿ ರಿಪೇರಿ ಮಾಡುವ ಒಬ್ಬ ಚೆನ್ನಾಗಿದ್ದಾನೆ ಎಂದು ಕೇಳಿದ್ದೆ. ತೆಗೆದುಕೊಂಡು ಹೋಗಬೇಕಾದ್ದರ ಪಟ್ಟಿ ಮಾಡಿ ಅಟೆಂಡರಣ್ಣನ ಕೈಗೆ ಕೊಟ್ಟೆ. ಅವರು ಕಂಪ್ಯೂಟರಿನ ಪೆಟ್ಟಿಗೆಗೆ ಶಾಲು ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದರು.

ಶೃಂಗೇರಿಯವರೆಗೆ ಬಂದು ದರ್ಶನ ಮಾಡದೆ ಅಂಗಡಿಗೆ ಹೋಗುವುದು ಅವರಿಂದ ಆಗದು. ಪೆಟ್ಟಿಗೆ ಹೊತ್ತು ಒಳಗೆ ಹೋಗುವ ಹಾಗಿಲ್ಲ. ಸಾಮಾನು ಇಡುವಲ್ಲಿ ಕೂತವನು ಕೇಳಿದ:

“ಒಳಗೆ ಎಂತ ಉಂಟು?”

“ಅದು ಗೊತ್ತಾಗದೇ ಇಲ್ಲಿವರೆಗೆ ಬಂದದ್ದು” ಅಂದರು ಅಟೆಂಡರಣ್ಣ.

ದರ್ಶನವಾಯಿತು, ಊಟವಾಯಿತು. ಅಂಗಡಿಯವನು ಪೆಟ್ಟಿಗೆಯನ್ನು ತನ್ನ ಪರದೆಗೆ ಜೋಡಿಸಿ ಅರ್ಧ ಗಂಟೆ ನೋಡಿದ.

“ಕಂಪ್ಯೂಟರ್ ಫಸ್ಟ್ ಕ್ಲಾಸ್ ಇದೆ ಮೇಡಂ. ಇದಕ್ಕೆ ಜೋಡಿಸೋ ಮೆಷಿನ್ ಕೊಡಿ, ನೋಡುವ.”

ನಾನು ಅಟೆಂಡರಣ್ಣನ ಮುಖ ನೋಡಿದೆ. ಅವರು ಪಟ್ಟಿ ತೆಗೆದು ಮೇಲಿನಿಂದ ಕೆಳಗೆ ಬೆರಳಿಟ್ಟು ಓದಿದರು. ಪೆಟ್ಟಿಗೆ, ವೈರು, ಸ್ಕ್ರೂಡ್ರೈವರ್, ಟಾರ್ಚ್, ಕೊಡೆ, ನೀರು. ಗೀಗರ್ ಕೌಂಟರ್ ಇರಲಿಲ್ಲ. ಅದು ಬೇಕೆಂಬುದು ಎಷ್ಟು ಸ್ಪಷ್ಟವಾಗಿತ್ತೆಂದರೆ ನಾನು ಬರೆದಿರಲಿಲ್ಲ.

ಅವರು ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ವಾಪಸು ಬರುವಾಗ ಬಸ್ಸಿನಲ್ಲಿ ಹೇಳಿದರು:

“ಕೊಡೆ ಬರ್ದಿದ್ದೆಯಲ್ಲ, ಅದು ಒಳ್ಳೆದಾಯ್ತು.”

ಫೆಬ್ರವರಿಯ ಬಿಸಿಲಿಗೆ ಅದನ್ನು ಬಿಚ್ಚಿರಲೂ ಇಲ್ಲ.

೫. ನರಸಿಂಹರಾಜಪುರದ ಕಾರ್ಡ್

ಇನ್ನು ನಾಲ್ಕು ದಿನ. ಅಟೆಂಡರಣ್ಣ ಊಟದ ಡಬ್ಬಿ ತೆರೆದು ಹಾಗೇ ಮುಚ್ಚತೊಡಗಿದ್ದರು. “ಕಾಗದ ನಿಂತ್ರೆ ಮನೇಲಿ ಎಂತ ಹೇಳೋದು? ಮೂವತ್ತೊಂದು ವರ್ಷ ಒಂದು ಗಾಜಿನ ಲೋಟ ಒಡೆದವನಲ್ಲ ನಾನು” ಅಂದರು. ಅದು ನಿಜ. ನಾನು ಎರಡು ವರ್ಷದಲ್ಲಿ ಆರು ಒಡೆದಿದ್ದೆ. ನಾಲ್ಕರ ತಪ್ಪನ್ನು ಅವರು ಬೆಕ್ಕಿನ ಮೇಲೆ ಹಾಕಿದ್ದರು. ಕಾಲೇಜಿನಲ್ಲಿ ಬೆಕ್ಕಿಲ್ಲ.

ನರಸಿಂಹರಾಜಪುರದ ಇನ್ನೊಂದು ಕಾಲೇಜಿನಲ್ಲಿ ಇಂಥದೇ ಕಾರ್ಡ್ ಇದೆ ಎಂದು ತಿಳಿಯಿತು. ಒಂದು ದಿನಕ್ಕೆ ತಂದು ಹಾಕಿ ನೋಡಿದರೆ ತಪ್ಪು ಕಾರ್ಡಿನದೋ ಬೇರೆಯದೋ ಗೊತ್ತಾಗುತ್ತದೆ. ಹೋದೆವು. ಅಲ್ಲಿಯ ಮೇಷ್ಟ್ರು ಕಾಫಿ ಕೊಟ್ಟರು, ಬೀರು ತೆರೆದರು, ಕಾರ್ಡ್ ತೋರಿಸಿದರು. ಬಂದ ಪೊಟ್ಟಣದಲ್ಲೇ ಇತ್ತು. ಅಂಟು ಕೂಡ ಬಿಚ್ಚಿರಲಿಲ್ಲ.

“ಇದನ್ನು ಹಾಕೇ ಇಲ್ವಾ ಸಾರ್?”

“ಇಲ್ಲ.”

“ರಿಜಿಸ್ಟರಲ್ಲಿ ಸುಸ್ಥಿತಿ ಅಂತ ಇದೆಯಲ್ಲ?”

“ಹಾಕದೇ ಇರೋದಕ್ಕೇ ಸುಸ್ಥಿತಿ. ನಿಮ್ಮದು ಹಾಕಿದ್ರಿ, ಎಂತಾಯ್ತು ನೋಡಿ.”

ಎರವಲು ಕೇಳಿದೆ. ಅವರು ಬೀರುವಿಗೆ ಬೀಗ ಹಾಕಿ, ಇನ್ನೊಂದು ಲೋಟ ಕಾಫಿ ಕೊಟ್ಟರು.

ಅಟೆಂಡರಣ್ಣ ಇಡೀ ದಾರಿ ಆ ಮೇಷ್ಟ್ರನ್ನು ಹೊಗಳಿದರು. “ಸಾಮಾನು ಇಟ್ಕೊಳ್ಳೋದು ಅಂದ್ರೆ ಹಾಗೆ.”

೬. ಹದಿನಾಲ್ಕನೆಯದು

ಇಪ್ಪತ್ತೆಂಟರ ಬೆಳಿಗ್ಗೆ ಪಟ್ಟಿಯಲ್ಲಿ ಒಂದೇ ಸಾಲು ಉಳಿದಿತ್ತು. ಹನ್ನೊಂದು ಗಂಟೆಗೆ ಪ್ರಿನ್ಸಿಪಾಲರು ಬರುವವರಿದ್ದರು.

“ತೆಗಿ” ಅಂದರು ಅಟೆಂಡರಣ್ಣ, ಬೇರೆ ಕಡೆ ನೋಡುತ್ತ.

ಸ್ಕ್ರೂ ಬಿಚ್ಚಿದೆ. ಕೈಯಿಂದಲೇ ಬಂತು. ಒಂಬತ್ತು ವರ್ಷ ಯಾರೂ ಮುಟ್ಟದ ಸ್ಕ್ರೂ ಹಾಗೆ ಬರಬಾರದು. ಕಾರ್ಡನ್ನು ಮೇಲಕ್ಕೆ ಎಳೆದೆ. ಅದರ ಕೆಳ ಅಂಚಿನಲ್ಲಿ ಸಾಲಾಗಿ ಚಿನ್ನದ ಬಣ್ಣದ ಸಣ್ಣ ಪಟ್ಟಿಗಳಿರುತ್ತವೆ, ಕಂಪ್ಯೂಟರಿಗೆ ತಾಗುವ ಜಾಗ ಅದೇ. ಚಿನ್ನ ಕಾಣಲಿಲ್ಲ. ಉದ್ದಕ್ಕೂ ಒಣಗಿದ ಗಂಧ, ನಡುವೆ ಸಾಲಾಗಿ ಕುಂಕುಮದ ಬೊಟ್ಟು. ಉಗುರಿನಿಂದ ಕೆರೆದೆ. ಪದರ ಪದರವಾಗಿ ಎದ್ದಿತು. ಲೆನ್ಸ್ ಹಿಡಿದು ಎಣಿಸಿದೆ. ಒಂಬತ್ತು.

“ಅಣ್ಣಾ, ಇದು?”

“ಆಯುಧಪೂಜೆ.”

“ಯಾರೂ ಮುಟ್ಟಿಲ್ಲ ಅಂದ್ರಲ್ಲ?”

“ಮುಟ್ಟಿಲ್ಲ. ಪೂಜೆ ಮಾಡಿದ್ದು.”

ಆಮೇಲೆ ಪೂರ್ತಿ ಹೇಳಿದರು. ಕಾರ್ಡ್ ಬಂದದ್ದು ನವರಾತ್ರಿಗೆ ಎರಡು ವಾರ ಮೊದಲು. ಕಂಪ್ಯೂಟರಿಗೆ ಏನೂ ಹಚ್ಚಬಾರದು, ಕಲೆಯಾಗುತ್ತದೆ ಎಂದು ಪ್ರಿನ್ಸಿಪಾಲರು ಹೇಳಿದ್ದರು. ಹಾಗಂತ ಅಷ್ಟು ದೊಡ್ಡ ಸಾಮಾನನ್ನು ಹಬ್ಬದ ದಿನ ಬೋಳು ಬಿಡುವುದು ಹೇಗೆ? ಅದಕ್ಕೆ ಹೊರಗೆ ಕಾಣದ ಹಾಗೆ ಒಳಗೆ, ಚಿನ್ನ ಇದ್ದಲ್ಲಿ ಹಚ್ಚಿದ್ದರು. ಪ್ರತಿ ವರ್ಷ ತಗಡು ಬಿಚ್ಚಿ, ಒಳಗಿನ ಧೂಳು ತೆಗೆದು, ಕಾರ್ಡ್ ಎತ್ತಿ, ಗಂಧ ಹಚ್ಚಿ, ಒತ್ತಿ ವಾಪಸು ಕೂರಿಸಿದ್ದರು.

“ಹಳೇದನ್ನು ಒರೆಸಬಹುದಿತ್ತಲ್ಲ?”

“ಪೂಜೆಗೆ ಹಚ್ಚಿದ್ದು ಒರೆಸ್ತಾರಾ ಯಾರಾದ್ರೂ?”

ಆದರೆ ಒರೆಸಿದ್ದು ಅವರೇ. ಕೈಮುಗಿದು, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಕಾರ್ಡಿನ ಅಂಚನ್ನು ಉಜ್ಜಿದರು. ನಾನು ಬ್ರಷ್ಷಿನಿಂದ ಕಾರ್ಡ್ ಕೂರುವ ಸಂದಿಯನ್ನು ಕೆರೆದೆ. ಲ್ಯಾಬು ಪೂರ್ತಿ ಗಂಧದ ಪರಿಮಳ. ಉದುರಿದ ಪುಡಿಯನ್ನು ಅವರು ಕಾಗದದಲ್ಲಿ ಕಟ್ಟಿ ಜೇಬಿಗೆ ಹಾಕಿಕೊಂಡರು.

ಒಪ್ಪಿಸುವ ಫಾರಮ್ಮಿನಲ್ಲಿ ದೋಷದ ಕಾರಣಕ್ಕೆ ಒಂದು ಕಾಲಂ ಇತ್ತು. “ಸಂಪರ್ಕದ ಜಾಗದಲ್ಲಿ ಕೊಳೆ” ಎಂದು ಬರೆಯತೊಡಗಿದೆ. ಅವರು ಬಗ್ಗಿ ನೋಡಿ ನನ್ನ ಕೈ ಹಿಡಿದರು.

“ಕೊಳೆ ಅಂತ ಬರೀಬೇಡ ಮಾರಾಯ್ತಿ. ಅದು ಶ್ರೀಗಂಧ.”

ಬೆಕ್ಕಿನ ಮೇಲೆ ಹೋದ ನಾಲ್ಕು ಲೋಟ ನೆನಪಾಯಿತು. ಬರೆದದ್ದನ್ನು ಹೊಡೆದುಹಾಕಿ “ಥಂಡಿ” ಎಂದು ಬರೆದೆ.

ಹನ್ನೊಂದಕ್ಕೆ ಪ್ರಿನ್ಸಿಪಾಲರು ಬಂದರು. ಕಂಪ್ಯೂಟರ್ ಹಾಕಿದೆ. ಲೈಟ್ ಹಸಿರಾಯಿತು. ಗೀಗರ್ ಕೌಂಟರ್ ಟಿಕ್ ಅಂದಿತು, ಪರದೆಯ ಮೇಲೆ ಒಂದು ಎಂದು ಬಂತು. ಅಟೆಂಡರಣ್ಣ ಕುರ್ಚಿ ಹುಡುಕಿ ಕೂತುಕೊಂಡರು.

ಪ್ರಿನ್ಸಿಪಾಲರು ಪೆನ್ನಿನ ಮುಚ್ಚಳ ತೆಗೆದು ಮೂಗಿನಲ್ಲಿ ಒಮ್ಮೆ ಉಸಿರೆಳೆದುಕೊಂಡರು. “ಎಂತದೋ ಒಳ್ಳೆ ವಾಸನೆ” ಅಂದರು. ನಾವಿಬ್ಬರೂ ಪರದೆ ನೋಡುತ್ತಿದ್ದೆವು. ಅವರು ಸಹಿ ಹಾಕಿದರು.

ಫಾರಮ್ಮಿನಲ್ಲಿ ಇಂದಿನ ರೀಡಿಂಗ್ ಎಂಬ ಜಾಗ ಖಾಲಿ ಇತ್ತು. ಒಂದೇ ಸಲ ಎಣಿಸಿದ್ದನ್ನು ಬರೆಯುವುದು ಸರಿಯಲ್ಲ. ಮೂರು ನಿಮಿಷ ಎಣಿಸಿದೆ. ಅಟೆಂಡರಣ್ಣ ನನ್ನ ಹೆಗಲ ಮೇಲಿನಿಂದ ನೋಡುತ್ತ ನಿಂತಿದ್ದರು.

ಮೊದಲನೆಯದು ಹತ್ತೊಂಬತ್ತು. ಎರಡನೆಯದು ಇಪ್ಪತ್ತೆಂಟು. ಮೂರನೆಯದು ಇಪ್ಪತ್ತೆರಡು.

ಸರಾಸರಿ ಇಪ್ಪತ್ತಮೂರು.