ತೊಟ್ಟಿಲ ದಿನದ ಫೋನು

ಮಾವನ ಮನೆಯಿಂದ ಕರೆಯಲು ಯಾರೂ ಬರಲಿಲ್ಲ. ಮಲ್ಲಣ್ಣನ ಅಂದಿನ ಫಜೀತಿಗೆಲ್ಲ ಮೂಲ ಇಷ್ಟೇ.

ಹೆಂಡತಿ ಶರಣಬಸಮ್ಮ ಚೊಚ್ಚಲ ಹೆರಿಗೆಗೆಂದು ಯಾದಗಿರಿ ಕಡೆಯ ತವರಿಗೆ ಹೋಗಿ, ಹೆಣ್ಣು ಹೆತ್ತು ಹದಿಮೂರು ದಿನವಾಗಿತ್ತು. ಅಂದು ದೀಪ ಹಚ್ಚುವ ಹೊತ್ತಿಗೆ ತೊಟ್ಟಿಲು. ಇತ್ತ ಪರರಾಜ್ಯದಲ್ಲಿ ಮಲ್ಲಣ್ಣ ದುಡಿಯುತ್ತಿದ್ದ ಸುಲ್ತಾನ್ ಬಜಾರಿನ ಸೀರೆ ಅಂಗಡಿಯ ಸೇಠ್ ಎರಡು ದಿನ ರಜೆ ಕೊಡಲೂ ಒಪ್ಪಿದ್ದ. ಆದರೆ ಮೊದಲ ತೊಟ್ಟಿಲಿಗೆ ಅಳಿಯನನ್ನು ಆ ಮನೆಯವರು ಯಾರಾದರೂ ಬಂದು, ಕೈಗೆ ಎಲೆ ಅಡಿಕೆ ಕೊಟ್ಟು ಕರೆದೊಯ್ಯಬೇಕು. ಸುದ್ದಿ ಬಂದಿತ್ತು, ಮಂದಿ ಬಂದಿರಲಿಲ್ಲ.

"ಸುಮ್ನೆ ಬಸ್ ಹತ್ತಿ ಹೋಗಿಬಿಡ್ರಿ ಮಲ್ಲಣ್ಣಗಾರು," ಅಂದಳು ಕಾಚಿಗೂಡದ ಮನೆಯೊಡತಿ ಶ್ರೀಲಕ್ಷ್ಮಿ, ನೀರು ಹಿಡಿಯುತ್ತ.

"ಕರಿಲಾರದ ಹೋಗಾಕ ನಾನೇನು ಮದುವಿ ಮನಿ ಮುಂದಿನ ನಾಯಿ ಏನ್ರಿ?"

ಮಾನವೂ ಉಳಿಯಬೇಕು, ಮಗಳ ಮುಖವೂ ಕಾಣಬೇಕು. ಅವನನ್ನು ಕೆಲಸಕ್ಕೆ ಕರೆಯಲು ಬಂದಿದ್ದ ಅಂಗಡಿಯ ಜೊತೆಗಾರ ಯಶವಂತ ಇದಕ್ಕೆ ಹಾದಿ ತೋರಿಸಿದ. ಮಲ್ಲಣ್ಣನ ಹೆಂಡತಿಯ ತಮ್ಮ ಶಾಂತಕುಮಾರನ ಹತ್ತಿರ ಮುಖ ಕಾಣಿಸುವ ದೊಡ್ಡ ಫೋನಿತ್ತು. ಮಲ್ಲಣ್ಣನೂ ಹನ್ನೊಂದು ಸಾವಿರದ್ದು ಒಂದು ತೆಗೆದುಕೊಂಡರೆ ತೊಟ್ಟಿಲನ್ನು ಇಲ್ಲಿಂದಲೇ ನೋಡಬಹುದು.

"ಪರಮುಲುಕಿನ್ಯಾಗ ಇರೋರಿಗೆ ಫೋನು ಅಂದ್ರ ಅರ್ಧ ಮನಿ ಇದ್ದಂಗ, ಅಣ್ಣಾ."

"ಹನ್ನೊಂದು ಸಾವಿರ! ಆ ರೊಕ್ಕದಾಗ ಇಪ್ಪತ್ತು ಸಲ ಊರಿಗೆ ಹೋಗಿ ಬರಬಹುದು," ಅಂದಳು ಶ್ರೀಲಕ್ಷ್ಮಿ.

ಇಬ್ಬರ ಮಾತೂ ಮಲ್ಲಣ್ಣನಿಗೆ ಖರೆ ಅನ್ನಿಸಿತು. ಅದೇ ಅವನ ತೊಂದರೆ.

ಹತ್ತಕ್ಕೆ ಯಶವಂತನೊಡನೆ ಫೋನ್ ಅಂಗಡಿಗಳ ಸಾಲಿರುವ ಕೋಠಿಗೆ ಹೋದ. ಅಂಗಡಿಯವನು ಫೋನನ್ನು ಕೂಸಿನಂತೆ ಎರಡೂ ಕೈಯಲ್ಲಿ ಎತ್ತಿ ಕೊಟ್ಟ. ಅವನ ಬಾಯಲ್ಲೂ ಅದೇ ಬೆಲೆ ಕೇಳಿ ಮಲ್ಲಣ್ಣ ಹಾಗೆಯೇ ತಿರುಗಿ ಕೊಟ್ಟ. ಸೀರೆ ಅಂಗಡಿಗೆ ವಾಪಸು ಬಂದರೆ ಸೇಠ್ ನಕ್ಕ: "ನಮ್ಮ ಗಿರಾಕಿಗಳು ನೂರು ಸೀರೆ ಬಿಚ್ಚಿಸಿ ಬರಿಗೈಲಿ ಹೋದ್ರೆ ಬೈತೀಯಲ್ಲೋ, ಈಗ ನೀನೇ ಹಂಗಾದ್ಯಲ್ಲ." ಅವಮಾನವಾಗಿ ಮತ್ತೆ ಕೋಠಿಗೆ ಹೋದ. ಹೆಂಡತಿಯ ಬಾಣಂತನದ ಖರ್ಚು ನೆನಪಾಗಿ ಮತ್ತೆ ಬಂದ. ಸೇಠ್ ಮತ್ತೆ ನಕ್ಕ. ಮೂರನೆಯ ಸಲ ಹೋದಾಗ ಅಂಗಡಿಯವನು ಚಹಾ ತರಿಸಿದ. ಚಹಾ ಕುಡಿದ ಮೇಲೆ ಹೇಗೆ ಬರಿಗೈಲಿ ಏಳುವುದು? ಕೊಂಡ.

ಹಳೆಯ ಗುಂಡಿ ಫೋನನ್ನು ಅಂಗಡಿಯವನೇ ಇಟ್ಟುಕೊಂಡ. ಅದರ ಸಿಮ್ ಹೊಸದಕ್ಕೆ ಕೂರಲಿಲ್ಲ. ಬೇರೆ ಸಿಮ್ ಕೊಡಿಸಿ, "ನಿಮ್ಮ ನಂಬರೇ ಬರ್ತದೆ, ಸಂಜೆತನಕ ಕಾಯ್ರಿ," ಅಂದ.

ಅಂದು ಮಧ್ಯಾಹ್ನವೆಲ್ಲ ಮಲ್ಲಣ್ಣ ಸೀರೆ ತೋರಿಸಿದ್ದಕ್ಕಿಂತ ಫೋನು ತೋರಿಸಿದ್ದೇ ಹೆಚ್ಚು. ಒಬ್ಬ ಅಜ್ಜಿಯಂತೂ, "ಇದರ ಸೆರಗು ಎಲ್ಲಿ?" ಅಂತ ಚೇಷ್ಟೆ ಮಾಡಿ ಹೋದಳು.

ಆರೂವರೆಗೆ ಫೋನಿಗೆ ಜೀವ ಬಂತು. ಯಶವಂತ ಎಲ್ಲ ಹೊಂದಿಸಿ ಕೊಟ್ಟ. ಮಲ್ಲಣ್ಣ ಹೊರಗೆ ಬಂದು, ಅಂಗಡಿಯ ಕಡೆಗೇ ಮುಖ ಮಾಡಿ ನಿಂತ. ಮೀಸೆಗೆ ನೀರು ಹಚ್ಚಿ ತಿದ್ದಿಕೊಂಡ. ಮಗಳು ಮೊದಲ ಸಲ ನೋಡುತ್ತಾಳೆ. ಸೇಠ್ ಕೂಡ ಗಲ್ಲೆ ಬಿಟ್ಟು ಎದ್ದು ಬಂದ.

ಕರೆ ಹಚ್ಚಿದೊಡನೆ ಗಾಜಿನಲ್ಲಿ ಶಾಂತಕುಮಾರನ ಮುಖ ಮೂಡಿತು. ಬೆವರಿಳಿಯುತ್ತಿತ್ತು.

"ಮಾವಾ!"

"ಕೂಸಿನ್ನ ತೋರ್ಸೋ ಶಾಂತು! ನಿನ್ನ ಮಾರಿ ನೋಡಾಕ ಹನ್ನೊಂದು ಸಾವಿರ ಕೊಟ್ಟಿಲ್ಲ."

"ಅದ ಹೇಳಾಕತ್ತೀನ್ರಿ..."

ಶಾಂತಕುಮಾರನ ಹೆಗಲ ಹಿಂದೆ ನೀಲಿ ಬೋರ್ಡಿನ ಬಳೆ ಅಂಗಡಿ ಕಂಡಿತು. "ನಿಮ್ಮೂರಾಗೂ ನಮ್ಮ ಎದುರಿಗಿದ್ದಂಥಾ ಬಳಿ ಅಂಗಡಿ ಆತೇನೋ?" ಅಂದ ಮಲ್ಲಣ್ಣ. ಅಷ್ಟರಲ್ಲಿ ಒಂದು ಆಟೊ ಹಾರ್ನ್ ಹೊಡೆಯಿತು. ಬೀದಿಯಲ್ಲೊಮ್ಮೆ ಕೇಳಿಸಿತು, ಫೋನಿನಲ್ಲೊಮ್ಮೆ ಕೇಳಿಸಿತು.

"ಹಿಂದ ತಿರಗ್ರಿ, ಮಾವಾ."

ತಿರುಗಿದರೆ ಶಾಂತಕುಮಾರ ನಿಂತಿದ್ದ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಬಾಡಿದ ಎಲೆ, ಅಡಿಕೆ.

"ಕರಿಯಾಕ ಬಂದೀನ್ರಿ. ನಸಿಕಿನ್ಯಾಗ ಬಸ್ ಹತ್ತೀನಿ. ಹನ್ನೊಂದಕ್ಕ ನಿಮ್ಮ ಮನಿಗೆ ಹೋದ್ರ ಅಂಗಡಿಗೆ ಹೋಗ್ಯಾರ ಅಂದ್ರು, ಅಂಗಡಿ ಬಾಗಲಿಗೆ ಬಂದ್ರ ಬಾಜೂಕಿನವರು ಕೋಠಿಗೆ ಅಂದ್ರು, ಕೋಠಿಯಾಗ ನೀವು ಹೊಕ್ಕಿದ್ದ ಅಂಗಡಿ ಸಂಜಿಗಿ ಸಿಕ್ರ, ಯಾವಾಗೋ ವಾಪಸ್ ಹೋದ್ರು ಅಂದ್ರು. ಕೋಠಿ ಅಷ್ಟೂ ಫೋನ್ ಅಂಗಡಿ ಹೊಕ್ಕು ಬಂದೀನಿ. ಫೋನ್ ಹಚ್ಚಿದ್ರ ನಿಮ್ದು ಬಂದ್!"

"ಬರ್ತೀನಿ ಅಂತ ನಿನ್ನೇನ ಒಂದು ಮಾತು ಹೇಳಬಾರದೇನೋ?"

"ಫೋನಿನ್ಯಾಗ ಹೇಳಿದ್ರ ಫೋನಿನ್ಯಾಗ ಕರದಂಗ ಆಕ್ಕೈತಿ, ಅಳಿಯಂದಿರು ಸಿಟ್ಟಾಗ್ತಾರ ಅಂತ ಅವ್ವ ಬ್ಯಾಡಂದ್ಲು."

ಮಲ್ಲಣ್ಣ ಎರಡೂ ಫೋನುಗಳನ್ನು ನೋಡಿದ. "ಮನ್ಯಾಗ ಮತ್ಯಾರ ಹಂತ್ಯಾಕಾದ್ರೂ ಇಂಥಾದ್ದು..."

"ಮನ್ಯಾಗ ಇರೋದು ಇದೊಂದ ದೊಡ್ಡದು. ಅವ್ವಂದು ಗುಂಡಿ ಫೋನು."

ಅಷ್ಟರಲ್ಲಿ ಹೊಸ ಫೋನಿಗೆ ಮೊದಲ ಕರೆ ಬಂತು. ಗುಂಡಿ ಫೋನಿನಿಂದಲೇ. ಜೋಗುಳ, ಗದ್ದಲ, ನಡುವೆ ಒಂದು ಸಣ್ಣ ಅಳು. ಮಲ್ಲಣ್ಣ ಫೋನನ್ನು ಕಿವಿಗೆ ಒತ್ತಿ ಹಿಡಿದ.

"ಲಹರಿ ಅಂತ ಹೆಸರಿಟ್ಟೇವ್ರಿ," ಅಂದಳು ಶರಣಬಸಮ್ಮ. "ಎಲ್ಲಿ ಅದೀರಿ ಇಬ್ರೂ? ಕೂಸು ಭಾಳ ಚಂದ ಐತಿ. ಥೇಟ್ ನಿಮ್ದ ಮಾರಿ."

ಮಾತು ಮುಗಿಯಿತು. ಫೋನನ್ನು ಕಿವಿಯಿಂದ ತೆಗೆದು ಮುಂದೆ ಹಿಡಿದ. ಗಾಜು ಕಪ್ಪಾಗಿತ್ತು. ಅದರಲ್ಲಿ ಅವನದೇ ಮುಖ ಚೊಕ್ಕವಾಗಿ ಕಾಣುತ್ತಿತ್ತು.

"ಕಂಡ್ತೇನಣ್ಣಾ ಕೂಸು?" ಅಂತ ಯಶವಂತ ಆಸೆಯಿಂದ ಬಗ್ಗಿದ.

"ಕಂಡ್ತಪಾ," ಅಂದ ಮಲ್ಲಣ್ಣ. "ಮೀಸಿ ಬಂದಾವ."